ತಂದೆಯವರ ಕ್ಯಾಸೆಟ್ಟುಗಳನ್ನು ಜೇಬಿನ ಪ್ಲೇಯರಿಗೆ ಸಾಗಿಸುವುದು: ಯಾವ ಫಾರ್ಮ್ಯಾಟು, ಯಾವ ಹೆಸರು, ಯಾವ ಕ್ರಮ?

ಉಣಕಲ್ ದಂಡೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕೂಡಿಸಿಟ್ಟ ಕ್ಯಾಸೆಟ್ಟುಗಳು ಎರಡು ಟ್ರಂಕುಗಳಲ್ಲಿವೆ. ಎಣಿಸಿದಾಗ 143 ಆದವು, ಬಹುಪಾಲು 90 ನಿಮಿಷದವು. ಅರ್ಧಕ್ಕಿಂತ ಹೆಚ್ಚಿನವು ಧಾರವಾಡ ಆಕಾಶವಾಣಿಯಿಂದ ಮುದ್ರಿಸಿಕೊಂಡವು, ಉಳಿದವು ಅಂಗಡಿಯಲ್ಲಿ ಕೊಂಡವು. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ ಅವರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು, ಜೊತೆಗೆ ವಚನಗಳು, ದಾಸರ ಪದಗಳು ಎಲ್ಲವೂ ಕಲಬೆರಕೆಯಾಗಿವೆ.

ಕಳೆದ ವರ್ಷ ಇವುಗಳಲ್ಲಿ 60 ಕ್ಯಾಸೆಟ್ಟುಗಳನ್ನು ಒಂದು ಸ್ಟುಡಿಯೋಕ್ಕೆ ಕೊಟ್ಟು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿಸಿದೆ. ಅವರು ಕೊಟ್ಟ ಪೆನ್ ಡ್ರೈವಿನಲ್ಲಿ ಎಲ್ಲ ಕಡತಗಳ ಹೆಸರೂ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂದೇ ಇವೆ. ತಂದೆಯವರಿಗೆ ಕೆರೆಯ ದಂಡೆಯ ಮೇಲೆ ಬೆಳಗಿನ ವಾಯುವಿಹಾರಕ್ಕೆಂದು 32 ಜಿಬಿ ಕಾರ್ಡು ಹಿಡಿಯುವ ಒಂದು ಸಣ್ಣ ಪ್ಲೇಯರನ್ನು ಕೊಂಡು, ಅದರೊಳಗೆ ಈ ಕಡತಗಳನ್ನು ತುಂಬಿಕೊಟ್ಟೆ. ಎರಡನೆಯ ದಿನವೇ ಅವರು ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಕಾರಣ ಕೇಳಿದರೆ, ‘ಬೆಳಿಗ್ಗೆ ಆರಕ್ಕ ಮಾಲಕಂಸ ಹಚ್ಚತೈತಿ, ಮಧ್ಯರಾತ್ರಿ ಎದ್ದು ಅಡ್ಡಾಡಿಧಂಗ ಆಗತೈತಿ’ ಎಂದರು. ಮಾಲಕಂಸ ರಾತ್ರಿಯ ರಾಗವಲ್ಲವೇ!

ಉಳಿದ 83 ಕ್ಯಾಸೆಟ್ಟುಗಳನ್ನು ನಾನೇ ಮನೆಯಲ್ಲಿ ಕಂಪ್ಯೂಟರಿಗೆ ಇಳಿಸಬೇಕೆಂದಿದ್ದೇನೆ. ಯಾವ ಫಾರ್ಮ್ಯಾಟಿನಲ್ಲಿ ಇಡಬೇಕು, ಹೇಗೆ ಹೆಸರಿಡಬೇಕು ಎಂಬುದನ್ನು ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ಸಪ್ತಾಪುರ ಬಾವಿ (ಧಾರವಾಡ)

ನೀವು ಒಂದೇ ಪ್ರಶ್ನೆ ಕೇಳಿದ್ದೀರಿ, ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಮನೆಯಲ್ಲಿ ಕಾಯ್ದಿಡುವ ಪ್ರತಿ ಬೇರೆ, ಜೇಬಿನಲ್ಲಿ ಹೋಗುವ ಪ್ರತಿ ಬೇರೆ. ಮೊದಲನೆಯದು ಕಣಜದ ಕಾಳು, ಎರಡನೆಯದು ಬುತ್ತಿ. ಬುತ್ತಿ ಹಳಸಿದರೆ ಮತ್ತೆ ಕಟ್ಟಿಕೊಳ್ಳಬಹುದು.

ಕಾಯ್ದಿಡುವುದಕ್ಕೆ ಧ್ವನಿಯನ್ನು ಏನೂ ಕಳೆಯದೆ ಕುಗ್ಗಿಸಿಡುವ ಫ್ಲ್ಯಾಕ್ ಫಾರ್ಮ್ಯಾಟು ಬಿಟ್ಟು ಬೇರೆ ಯೋಚನೆ ಮಾಡಬೇಡಿರಿ. ಸಿಡಿ ಗುಣಮಟ್ಟದ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ಧ್ವನಿಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕಾಗುವುದರಿಂದ 90 ನಿಮಿಷದ ಒಂದು ಕ್ಯಾಸೆಟ್ಟು ಸುಮಾರು 950 ಎಂಬಿ ಆಗುತ್ತದೆ; ಅದನ್ನೇ ಫ್ಲ್ಯಾಕ್ ಮಾಡಿದರೆ ಒಂದು ಬಿಟ್ಟನ್ನೂ ಕಳೆದುಕೊಳ್ಳದೆ ಹೆಚ್ಚುಕಡಿಮೆ 500 ಎಂಬಿಗೆ ಇಳಿಯುತ್ತದೆ. 2001ರಿಂದ ಇರುವ ಮುಕ್ತ ಫಾರ್ಮ್ಯಾಟು ಇದು, ಯಾರಿಗೂ ಪರವಾನಗಿ ಶುಲ್ಕ ಕೊಡಬೇಕಾಗಿಲ್ಲ. ಪ್ರತಿಯೊಂದು ಕಡತದೊಳಗೂ ಮೂಲ ಧ್ವನಿಯ ಎಂಡಿ5 ಎಂಬ ತಾಳೆ ನೋಡುವ ಸಂಖ್ಯೆ ಅಡಗಿರುವುದರಿಂದ, ಹತ್ತು ವರ್ಷಗಳ ನಂತರ ಹಾರ್ಡ್ ಡಿಸ್ಕಿನಲ್ಲಿ ಏನಾದರೂ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಕಡತವೇ ಹೇಳುತ್ತದೆ.

24 ಬಿಟ್, 96 ಕಿಲೋಹರ್ಟ್ಸ್ ಎಂದು ಯಾರಾದರೂ ಹೇಳಿದರೆ ಮರುಳಾಗಬೇಡಿರಿ. ಮುದ್ರಿಸುವಾಗ 24 ಬಿಟ್ ಇಟ್ಟುಕೊಂಡರೆ ಲೆವೆಲ್ ಸ್ವಲ್ಪ ತಗ್ಗಿಸಿಟ್ಟುಕೊಳ್ಳಲು ಅನುಕೂಲ, ಆಮೇಲೆ 16ಕ್ಕೆ ಇಳಿಸಬಹುದು. ಮನೆಯ ಕ್ಯಾಸೆಟ್ಟಿನ ಭುಸುಭುಸು ಸದ್ದಿಗೂ ಅತಿ ದೊಡ್ಡ ದನಿಗೂ ನಡುವಿನ ಅಂತರ 60 ಡೆಸಿಬಲ್ಲಿನ ಆಸುಪಾಸು. 16 ಬಿಟ್ಟಿನಲ್ಲಿ 96 ಡೆಸಿಬಲ್ ಹಿಡಿಯುತ್ತದೆ. ಸೇರು ಕಾಳಿಗೆ ಚೀಲ ಒಯ್ದಂತೆ ಅದು.

ಸ್ಟುಡಿಯೋದವರು ಮಾಡಿಕೊಟ್ಟ 60ನ್ನೂ ಮತ್ತೊಮ್ಮೆ ಮೊದಲಿನಿಂದ ಇಳಿಸುವುದು ಒಳ್ಳೆಯದು. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಾಯಿಸಿದರೆ ಗಾತ್ರ ಹೆಚ್ಚುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ.

ಹಾವೇರಿ ಹೊಲದ ಬದು

ಸಪ್ತಾಪುರದವರೇ, ನಿಮ್ಮ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಎಂಪಿ3 ಎಂದಾಕ್ಷಣ ಮೂಗು ಮುರಿಯುವುದು ಸರಿಯಲ್ಲ. 128 ಕೆಬಿಪಿಎಸ್ ಎಂಪಿ3ಯಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್‌ನ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ ಎಂಬುದು ನಿಜ, ಆದರೆ ಮೀಡಿಯಂ ವೇವ್ ರೇಡಿಯೋದಲ್ಲಿ ಅಷ್ಟು ಎತ್ತರದ ಧ್ವನಿ ಬರುವುದೇ ಇಲ್ಲವಲ್ಲ! ಇಲ್ಲದ ಮಾಳಿಗೆಯನ್ನು ಕೆಡವಿದರೆ ಯಾರಿಗೆ ನಷ್ಟ? ಮೇಲಾಗಿ ರೇಡಿಯೋದಿಂದ ಮಾಡಿಕೊಂಡ ಆ ಮುದ್ರಣಗಳು ಮೊನೊ. ಒಂದೇ ಚಾನೆಲ್ಲಿಗೆ 128 ಕೊಟ್ಟರೆ ಅದು ಸ್ಟೀರಿಯೊದ 256ಕ್ಕೆ ಸಮೀಪದ ಲೆಕ್ಕವಾಗುತ್ತದೆ.

ನಾನು ಕೇಳುವುದು ಷರೀಫರ ತತ್ವಪದ, ಭಜನೆ, ವಚನ. ಪೆನ್ ಡ್ರೈವ್ ಹಾಕುವ ಸಣ್ಣ ಸ್ಪೀಕರು ಹೊಲದಲ್ಲಿ, ಅದೇ ಪೆನ್ ಡ್ರೈವು ಟ್ರ್ಯಾಕ್ಟರಿನ ಪ್ಲೇಯರಿನಲ್ಲಿ, ಅದೇ ಮನೆಯ ಟಿವಿಯಲ್ಲಿ. ಈ ಮೂರರಲ್ಲಿಯೂ ತಕರಾರಿಲ್ಲದೆ ಹಾಡುವುದು ಎಂಪಿ3 ಒಂದೇ. ಫ್ಲ್ಯಾಕ್ ಹಾಕಿದಾಗ ಟ್ರ್ಯಾಕ್ಟರಿನ ಪ್ಲೇಯರು ಕಡತವೇ ಇಲ್ಲವೆಂಬಂತೆ ಮುಂದಿನದಕ್ಕೆ ಜಿಗಿಯಿತು.

ಕ್ರಮದ ಬಗ್ಗೆ ಒಂದು ಮಾತು. ಅಗ್ಗದ ಪ್ಲೇಯರುಗಳು ಹಾಡುಗಳನ್ನು ಹೆಸರಿನ ಪ್ರಕಾರ ಜೋಡಿಸುವುದಿಲ್ಲ. ಕಾರ್ಡಿಗೆ ಯಾವುದು ಮೊದಲು ನಕಲಾಯಿತೋ ಅದನ್ನು ಮೊದಲು ಹಾಡುತ್ತವೆ. ಕಂಪ್ಯೂಟರಿನಲ್ಲಿ ಸಾಲಾಗಿ ಕಂಡದ್ದು ಪ್ಲೇಯರಿನಲ್ಲಿ ಚೆಲ್ಲಾಪಿಲ್ಲಿಯಾಗುವುದು ಇದರಿಂದಲೇ. ಕಾರ್ಡನ್ನು ಒಮ್ಮೆ ಪೂರ್ತಿ ಅಳಿಸಿ, ಫೋಲ್ಡರುಗಳನ್ನು ಒಂದೊಂದಾಗಿ ಬೇಕಾದ ಕ್ರಮದಲ್ಲಿಯೇ ನಕಲು ಮಾಡಿರಿ, ಇಲ್ಲವೇ ಫ್ಯಾಟ್‌ಸಾರ್ಟ್ ಎಂಬ ಉಚಿತ ಸಾಧನದಿಂದ ಕಾರ್ಡಿನೊಳಗಿನ ಪಟ್ಟಿಯನ್ನೇ ಜೋಡಿಸಿರಿ. ಹೆಸರಿನ ಮೊದಲಿಗೆ 1, 2, 3 ಎಂದು ಬರೆಯಬೇಡಿರಿ, 001, 002 ಎಂದು ಬರೆಯಿರಿ. ಹಾಗೆ ಮಾಡದಿದ್ದರೆ ಹೆಸರಿನ ಪ್ರಕಾರ ಜೋಡಿಸುವ ಯಂತ್ರಗಳಲ್ಲಿಯೂ 1ರ ನಂತರ 10 ಬಂದು ಕೂರುತ್ತದೆ.

ಸಪ್ತಾಪುರ ಬಾವಿ (ಧಾರವಾಡ)

ಮೀಡಿಯಂ ವೇವ್ ವಿಷಯದಲ್ಲಿ ನೀವು ಹೇಳಿದ್ದು ನ್ಯಾಯ, ನಾನು ಅವಸರಪಟ್ಟೆ. ಆದರೂ ನನ್ನ ಆಕ್ಷೇಪ ಉಳಿಯುತ್ತದೆ. ಎಂಪಿ3ಯನ್ನು ತೆರೆದು ಲೆವೆಲ್ ಹೆಚ್ಚಿಸಿ, ಕತ್ತರಿಸಿ, ಮತ್ತೆ ಎಂಪಿ3ಯಾಗಿ ಉಳಿಸಿದಾಗಲೆಲ್ಲ ಇನ್ನಷ್ಟು ಕಳೆಯುತ್ತದೆ. ಹಳೆಯ ಕ್ಯಾಸೆಟ್ಟಿಗೆ ರಿಪೇರಿ ಒಂದೇ ಸಲಕ್ಕೆ ಮುಗಿಯುವುದಿಲ್ಲವಲ್ಲ.

ಉಣಕಲ್ ದಂಡೆಯವರೇ, ಸ್ಟುಡಿಯೋದ ಕಡತಗಳಲ್ಲಿ ಆಲಾಪದ ನಡುವಿನ ಬಿಡುವಿನಲ್ಲಿ ತಂಬೂರಿ ಕೇಳುತ್ತದೆಯೇ ಎಂದು ಹೆಡ್‌ಫೋನ್ ಹಾಕಿಕೊಂಡು ಗಮನಿಸಿರಿ.

ಉಣಕಲ್ ದಂಡೆ (ಹುಬ್ಬಳ್ಳಿ)

ನೀವು ಹೇಳಿದಂತೆ ಕೇಳಿ ನೋಡಿದೆ. ಗಾಯಕರು ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಿ ತಂಬೂರಿ ಬಾವಿಯೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ, ಕೆಲವು ಕಡೆ ಪೂರ್ತಿ ಮಾಯವಾಗಿದೆ. ಮೂಲ ಕ್ಯಾಸೆಟ್ಟನ್ನು ಹಾಕಿದರೆ ಭುಸುಗುಡುವಿಕೆಯ ಜೊತೆಗೇ ಆದರೂ ತಂಬೂರಿ ತುಂಬಿಕೊಂಡು ಕೇಳುತ್ತದೆ.

ಸಪ್ತಾಪುರ ಬಾವಿ (ಧಾರವಾಡ)

ನನಗೆ ಇದೇ ಅನುಮಾನವಿತ್ತು. ಗದ್ದಲ ತೆಗೆಯುವ ಸಾಫ್ಟ್‌ವೇರು ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ಎಣಿಸುತ್ತದೆ. ಸಿನಿಮಾ ಹಾಡಿಗೆ ಅದು ನಡೆದೀತು, ಆದರೆ ನಮ್ಮ ಸಂಗೀತದಲ್ಲಿ ಒಂದೇ ಸಮನೆ ಬರುವುದೇ ತಂಬೂರಿ. ಸ್ಟುಡಿಯೋದವರು ಹಾಡು ಶುರುವಾಗುವ ಮೊದಲಿನ ನಾಲ್ಕು ಸೆಕೆಂಡನ್ನು ‘ಇದು ಗದ್ದಲ’ ಎಂದು ಮಾದರಿಯಾಗಿ ತೋರಿಸಿರುತ್ತಾರೆ. ಆ ನಾಲ್ಕು ಸೆಕೆಂಡಿನಲ್ಲಿ ಮೀಟುತ್ತಿದ್ದದ್ದು ತಂಬೂರಿ! ಮಾದರಿ ತೋರಿಸಲೇಬೇಕಾದರೆ ತಂಬೂರಿಗಿಂತ ಮುಂಚಿನ, ಬರಿಯ ಟೇಪು ತಿರುಗುವ ಭಾಗವನ್ನು ತೋರಿಸಬೇಕು, ಮತ್ತು ಐದಾರು ಡೆಸಿಬಲ್ಲಿಗಿಂತ ಹೆಚ್ಚು ತಗ್ಗಿಸಬಾರದು. ಕಾಯ್ದಿಡುವ ಪ್ರತಿಯಲ್ಲಿ ಅದನ್ನೂ ಮಾಡಬೇಡಿರಿ. ಭುಸುಭುಸು ಇರಲಿ, ಕಿವಿ ಐದು ನಿಮಿಷದಲ್ಲಿ ಅದನ್ನು ಮರೆಯುತ್ತದೆ.

ಇನ್ನೊಂದು ಮಾತು. ಕ್ಯಾಸೆಟ್ಟು ಹಾಡಿಸುವ ಡೆಕ್ಕಿನಲ್ಲಿ, ಟೇಪನ್ನು ಓದುವ ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗು ಹಾಕಿದ ಒಂದು ಸಣ್ಣ ತಿರುಪು ಇರುತ್ತದೆ. ಟೇಪು ಓಡುತ್ತಿರುವಾಗ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಹೋದರೆ, ಒಂದು ಹಂತದಲ್ಲಿ ಕಂಬಳಿ ಸರಿಸಿದಂತೆ ದನಿ ತಟ್ಟನೆ ತಿಳಿಯಾಗುತ್ತದೆ. ಬೇರೆ ಬೇರೆ ಯಂತ್ರಗಳಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳಿಗೆ ಆ ಹಂತ ಬೇರೆ ಬೇರೆಯಾಗಿರುತ್ತದೆ. ಸ್ಕ್ರೂಡ್ರೈವರಿಗೆ ಅಯಸ್ಕಾಂತದ ತುದಿ ಇರಬಾರದು. ತಂದೆಯವರು ಮುದ್ರಿಸಿಕೊಂಡ ಟೇಪ್ ರೆಕಾರ್ಡರು ಇನ್ನೂ ಮನೆಯಲ್ಲಿದ್ದರೆ ಅದನ್ನೇ ರಿಪೇರಿ ಮಾಡಿಸಿರಿ. ಬಹುಶಃ ಅದರ ಬೆಲ್ಟು ಕರಗಿ ಡಾಂಬರಾಗಿರುತ್ತದೆ, ಹೊಸದು ಹಾಕಿದರೆ ಓಡುತ್ತದೆ.

ಗದಗಿನ ಪೇಟಿ ಮಾಸ್ತರ

ಬೆಲ್ಟು ಎಂದಿರಿ, ಹಾಗಾದರೆ ವೇಗದ ಮಾತನ್ನೂ ಹೇಳಿಬಿಡುತ್ತೇನೆ. ಡೆಕ್ಕು ನೂರಕ್ಕೆ ಆರರಷ್ಟು ಜೋರಾಗಿ ಓಡಿದರೂ ಶ್ರುತಿ ಒಂದು ಪೂರ್ತಿ ಅರ್ಧಸ್ವರ ಏರುತ್ತದೆ. ಪೇಟಿಯ (ಹಾರ್ಮೋನಿಯಂನ) ಕಪ್ಪು ಒಂದರ ಮನೆಯಲ್ಲಿ ಹಾಡಿದವರು ಅದರ ಪಕ್ಕದ ಬಿಳಿ ಎರಡರಲ್ಲಿ ಹಾಡಿದಂತೆ ಕೇಳಿಸುತ್ತದೆ. ಇಳಿಸುವ ಮೊದಲು ಪಕ್ಕದಲ್ಲಿ ಪೇಟಿ ಇಟ್ಟುಕೊಂಡು ಷಡ್ಜ ನೋಡಿಕೊಳ್ಳಿರಿ. ಮುದ್ರಣದಲ್ಲಿ ಪೇಟಿಯ ಸಾಥ್ ಇದ್ದು, ಷಡ್ಜ ಎರಡು ಮನೆಗಳ ನಡುವೆ ಬೀಳುತ್ತಿದ್ದರೆ ಡೆಕ್ಕಿನ ಮೇಲೆ ಸಂಶಯ ಪಡಬೇಕು. ತಂಬೂರಿಯನ್ನು ಎಲ್ಲಿಗೆ ಬೇಕಾದರೂ ಕೂಡಿಸಬಹುದು, ಪೇಟಿಯ ಸ್ವರಪಟ್ಟಿ ಸಭೆಯಲ್ಲಿ ಕುಳಿತು ಬದಲಾಗುವುದಿಲ್ಲ.

ಎರಡನೆಯದಾಗಿ, ಒಂದೇ ರಾಗದ ನಿಧಾನಗತಿಯ ವಿಲಂಬಿತ ಖ್ಯಾಲನ್ನೂ ವೇಗದ ದ್ರುತ್ ಖ್ಯಾಲನ್ನೂ ಬೇರೆ ಬೇರೆ ಎಂಪಿ3 ಮಾಡುವ ಚಟ ಕೆಲವರಿಗಿದೆ. ಎಂಪಿ3ಯಲ್ಲಿ ಧ್ವನಿಯು 1152 ಮಾದರಿಗಳ ಕಟ್ಟುಗಳಾಗಿ ಕೂಡುವುದರಿಂದ ಕಡತದ ತಲೆಗೂ ಬಾಲಕ್ಕೂ ಒಂದಿಷ್ಟು ಮೌನ ಅಂಟಿಕೊಳ್ಳುತ್ತದೆ. ಎಂಪಿ3 ಮಾಡುವ ಲೇಮ್ ಎಂಬ ಎನ್‌ಕೋಡರು ಅದರ ಅಳತೆಯನ್ನು ಬರೆದಿಟ್ಟರೂ ಅಗ್ಗದ ಪ್ಲೇಯರುಗಳು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಪರಿಣಾಮವಾಗಿ ಸಮ್ (ತಾಳದ ಮೊದಲ ಪೆಟ್ಟು) ಬರುವ ಮುನ್ನ ತಬಲಾ ಎಡವಿದಂತಾಗುತ್ತದೆ. ಒಂದು ರಾಗ, ಒಂದು ಕಡತ. ಐವತ್ತು ನಿಮಿಷವಾದರೂ ಚಿಂತೆಯಿಲ್ಲ.

ಇನ್ನು ತಂದೆಯವರ ಮಾಲಕಂಸದ ದೂರು. ಇದಕ್ಕೆ ಫಾರ್ಮ್ಯಾಟಿನಲ್ಲಿ ಪರಿಹಾರವಿಲ್ಲ, ಫೋಲ್ಡರಿನಲ್ಲಿದೆ. ಅಂಗಡಿಯವರು ಆಲ್ಬಮ್ ಎನ್ನುತ್ತಾರೆ, ಕಂಪ್ಯೂಟರು ಕಲಾವಿದರು ಎನ್ನುತ್ತದೆ, ಆದರೆ ನಮ್ಮ ಕೇಳುಗ ಮೊದಲು ನೋಡುವುದು ಹೊತ್ತನ್ನು. ಜೇಬಿನ ಪ್ಲೇಯರಿನಲ್ಲಿ ಪ್ರಹರದ ಪ್ರಕಾರ ಫೋಲ್ಡರು ಮಾಡಿರಿ. ‘01 ಬೆಳಗು’ ಎಂಬುದರಲ್ಲಿ ಲಲಿತ್, ಭೈರವ್, ಅಹಿರ್ ಭೈರವ್, ತೋಡಿ, ಸ್ವಲ್ಪ ಬಿಸಿಲೇರಿದ ಮೇಲಿನ ಜೌನ್‌ಪುರಿ, ‘02 ಮಧ್ಯಾಹ್ನ’ದಲ್ಲಿ ಸಾರಂಗಗಳು, ಭೀಮಪಲಾಸಿ, ಮುಲ್ತಾನಿ, ‘03 ಸಂಜೆ’ಯಲ್ಲಿ ಮಾರ್ವಾ, ಪೂರಿಯಾ, ಯಮನ್, ‘04 ರಾತ್ರಿ’ಯಲ್ಲಿ ಬಾಗೇಶ್ರೀ, ದರಬಾರಿ, ಮಾಲಕಂಸ. ಮಲ್ಹಾರಗಳಿಗೆ ಮಳೆಗಾಲದ ಫೋಲ್ಡರು ಬೇರೆ. ವಚನ ಮತ್ತು ಪದಗಳಿಗೆ ಹೊತ್ತಿನ ಕಟ್ಟುಪಾಡು ಬೇಡ, ಅವಕ್ಕೆ ಇನ್ನೊಂದು.

ಕಾಯ್ದಿಡುವ ಫ್ಲ್ಯಾಕ್‌ಗಳನ್ನು ಮಾತ್ರ ಕಲಾವಿದರ ಹೆಸರಿನಲ್ಲಿಯೇ ಇಡಿರಿ. ಫ್ಲ್ಯಾಕ್‌ನಲ್ಲಿ ನಮಗೆ ಬೇಕಾದ ಹೆಸರಿನ ಟ್ಯಾಗನ್ನು, ಅಂದರೆ ಕಡತದೊಳಗಿನ ವಿವರದ ಚೀಟಿಯನ್ನು, ನಾವೇ ಹುಟ್ಟಿಸಬಹುದು. ನಾನು ರಾಗ, ತಾಳ, ಪ್ರಹರ, ತಬಲಾ, ಪೇಟಿ ಎಂಬ ಐದನ್ನು ಇಟ್ಟಿದ್ದೇನೆ. ಮನ್ಸೂರರ ಮುದ್ರಣಗಳಿಗೆ ಕೈ ಹಾಕಿದಾಗ ಇದರ ಬೆಲೆ ತಿಳಿಯುತ್ತದೆ. ಶಿವಮತ ಭೈರವ್, ಖಟ್, ಏಕ ನಿಷಾದ ಬಿಹಾಗಡಾ ಮುಂತಾದ ಅಪ್ರಚಲಿತ ರಾಗಗಳನ್ನು ‘ಹಿಂದೂಸ್ತಾನಿ’ ಎಂಬ ಒಂದೇ ಡಬ್ಬಿಗೆ ಹಾಕಿದರೆ ಮತ್ತೆ ಕೈಗೆ ಸಿಗುವುದಿಲ್ಲ. ವಚನಗಳಲ್ಲಿ ರಚನೆಕಾರರ ಟ್ಯಾಗಿಗೆ ಬಸವಣ್ಣ, ಅಕ್ಕಮಹಾದೇವಿ ಎಂದು ಬರೆಯಲು ಮರೆಯಬೇಡಿರಿ. ಅಂಕಿತ ಕೇಳಿಯೇ ಗುರುತು ಹಿಡಿಯಬಹುದು.

ಉಣಕಲ್ ದಂಡೆ (ಹುಬ್ಬಳ್ಳಿ)

ಪ್ರಹರದ ಮಾತನ್ನು ತಂದೆಯವರಿಗೆ ಓದಿ ಹೇಳಿದೆ, ‘ಹಿಂಗ ಮೊದಲ ಹೇಳಬೇಕಿಲ್ಲ’ ಎಂದರು.

ಈಗ ಕನ್ನಡದ ತೊಡಕು ಎದುರಾಗಿದೆ. ನಾನು ಕೆಲವು ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಟ್ಟೆ. ಪ್ಲೇಯರಿನ ಪರದೆಯ ಮೇಲೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ‘ಮಲ್‌ಲಿಕಾರ್‌ಜುನ’ ಎಂದು ಕಾಣುತ್ತದೆ. ನನ್ನ ಹಳೆಯ ಪ್ಲೇಯರಿನಲ್ಲಿ ಬರಿಯ ಚೌಕಗಳು. ಅದಕ್ಕಿಂತ ವಿಚಿತ್ರವೆಂದರೆ, ಕಂಪ್ಯೂಟರಿನಲ್ಲಿ ರಾಗದ ಪಟ್ಟಿ ತೆಗೆದರೆ ‘ಜೋಗ್’ ಎರಡು ಸಲ ಬರುತ್ತದೆ. ಎರಡನ್ನೂ ಎಷ್ಟು ನೋಡಿದರೂ ಒಂದೇ ಥರ.

ನವಲಗುಂದದ ಜಮಖಾನೆ

ಚೌಕಗಳು ಬಂದರೆ ಕನ್ನಡದ ಅಕ್ಷರರೂಪವೇ ಆ ಯಂತ್ರದಲ್ಲಿ ಇಲ್ಲವೆಂದು ಅರ್ಥ. ಒತ್ತು ಬಿಚ್ಚಿಕೊಂಡರೆ ಅಕ್ಷರಗಳಿವೆ, ಅವನ್ನು ಕೂಡಿಸಿ ಬರೆಯುವ ಬುದ್ಧಿ ಇಲ್ಲ. ಎರಡಕ್ಕೂ ನಮ್ಮ ಕೈಯಲ್ಲಿ ಮದ್ದಿಲ್ಲ. ಜೇಬಿನ ಪ್ರತಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟು, ಕಾಯ್ದಿಡುವ ಪ್ರತಿಗೆ ಕನ್ನಡ ಇಡುವುದೇ ಸದ್ಯಕ್ಕೆ ನಡೆಯುವ ದಾರಿ. ಇಂಗ್ಲಿಷಿನಲ್ಲಿಯೂ ರಾಗದ ಹೆಸರು ಮೊದಲು ಬರಲಿ, ಕಲಾವಿದರ ಹೆಸರು ಆಮೇಲೆ. ಎಂಪಿ3ಯ ಹಳೆಯ ಐಡಿ3 ಟ್ಯಾಗಿನ ಮೊದಲ ಆವೃತ್ತಿಯಲ್ಲಿ ಒಂದು ಶೀರ್ಷಿಕೆಗೆ 30 ಬೈಟು ಮಾತ್ರ ಜಾಗ. ಅದನ್ನಷ್ಟೇ ಓದುವ ಪ್ಲೇಯರುಗಳಲ್ಲಿ ಉದ್ದ ಹೆಸರಿನ ಬಾಲ ಹಾರಿಹೋಗುತ್ತದೆ. ಕನ್ನಡ ಬೇಕೆನ್ನುವವರು ಎರಡನೆಯ ಆವೃತ್ತಿಯ 2.3ನ್ನು ಬಳಸಲಿ. 2.4 ಹೊಸದಾದರೂ ಅದನ್ನು ಓದದ ಯಂತ್ರಗಳು ಬಹಳ.

ನಿಮ್ಮ ಎರಡು ಜೋಗ್‌ಗಳ ಕಥೆ ಹೀಗಿದೆ. ಯೂನಿಕೋಡಿನಲ್ಲಿ ‘ಜೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಂದು ಕಡತವು ಮ್ಯಾಕ್ ಕಂಪ್ಯೂಟರಿನ ಮೂಲಕ ಹಾದುಬಂದಿದ್ದರೆ ಹೀಗಾಗುವ ಸಂಭವ ಹೆಚ್ಚು. ಅಳಿಸಿ ಒಂದೇ ಕೀಲಿಮಣೆಯಲ್ಲಿ ಮತ್ತೆ ಬರೆಯಿರಿ, ಸರಿಹೋಗುತ್ತದೆ. ಹಾಗೆಯೇ ಮಾಲಕಂಸ, ಮಾಲ್ಕೌಂಸ್ ಎಂದು ದಿನಕ್ಕೊಂದು ರೀತಿ ಬರೆಯದೆ, ಮೊದಲೇ ಒಂದು ಹಾಳೆಯಲ್ಲಿ ರಾಗಗಳ ಹೆಸರುಗಳನ್ನು ನಿರ್ಧರಿಸಿ ಗೋಡೆಗೆ ಅಂಟಿಸಿಕೊಳ್ಳಿರಿ. ನಾನು ಹೇಳುವುದು ನಗೆ ತರಿಸಬಹುದು, ಆದರೆ ನನ್ನ ಸಂಗ್ರಹದಲ್ಲಿ ಭೀಮಪಲಾಸಿಗೆ ನಾಲ್ಕು ಕಾಗುಣಿತಗಳಿದ್ದವು.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿಯೇನಾದರೂ ಇದ್ದರೆ ಅದನ್ನು ಯೂನಿಕೋಡಿಗೆ ಬದಲಾಯಿಸಿಕೊಂಡೇ ಟ್ಯಾಗಿಗೆ ಅಂಟಿಸಬೇಕು.

ಹಾವೇರಿ ಹೊಲದ ಬದು

ಜೇಬಿನ ಪ್ರತಿಯ ಗಾತ್ರದ ಲೆಕ್ಕ ಯಾರೂ ಹಾಕಲಿಲ್ಲ, ನಾನು ಹಾಕುತ್ತೇನೆ. 90 ನಿಮಿಷಕ್ಕೆ 192 ಕೆಬಿಪಿಎಸ್ ಎಂಪಿ3 ಎಂದರೆ ಸುಮಾರು 130 ಎಂಬಿ. 143 ಕ್ಯಾಸೆಟ್ಟುಗಳಿಗೆ 19 ಜಿಬಿಗೆ ಸ್ವಲ್ಪ ಕಡಿಮೆ. 320 ಇಟ್ಟರೆ ಒಂದಕ್ಕೆ 216, ಒಟ್ಟು 31 ಜಿಬಿಯ ಹತ್ತಿರ. 32 ಜಿಬಿ ಕಾರ್ಡಿನಲ್ಲಿ ಉಸಿರಾಡಲು ಜಾಗವಿರುವುದಿಲ್ಲ. ಫ್ಲ್ಯಾಕ್ ಆದರೆ 70 ಜಿಬಿ ದಾಟುತ್ತದೆ. ನಡಿಗೆಯಲ್ಲಿ, ಗಾಳಿಯಲ್ಲಿ, ಬಸ್ಸಿನ ಹಾರ್ನಿನ ನಡುವೆ 192ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ಹೇಳುವ ಕಿವಿ ನನಗಂತೂ ಇಲ್ಲ.

ಸಪ್ತಾಪುರ ಬಾವಿ (ಧಾರವಾಡ)

ಪ್ಲೇಯರು ಹಾಡುವುದಾದರೆ ಓಪಸ್ ಇನ್ನೂ ಮೇಲು. 2012ರಲ್ಲಿ ಪ್ರಮಾಣಿತವಾದ ಈ ಫಾರ್ಮ್ಯಾಟಿನಲ್ಲಿ 128 ಕೆಬಿಪಿಎಸ್‌ಗೇ ತಬಲಾದ ಪೆಟ್ಟು ಮಸುಕಾಗದೆ ಬರುತ್ತದೆ, 90 ನಿಮಿಷಕ್ಕೆ 86 ಎಂಬಿ ಸಾಕು. ಮೊಬೈಲಿನಲ್ಲಿ ನಾನು ಅದನ್ನೇ ಬಳಸುತ್ತೇನೆ. ಆದರೆ ಗುಂಡಿ ಒತ್ತುವ ಅಗ್ಗದ ಪ್ಲೇಯರಿನಲ್ಲಿ ನಡೆಯುವುದು ಅಪರೂಪ ಎಂಬುದನ್ನು ಒಪ್ಪುತ್ತೇನೆ. ಹಾಗಾಗಿ ಈ ಸಲ ಹಾವೇರಿಯವರ ಮಾತೇ ನಡೆಯಲಿ.

ಉಣಕಲ್ ದಂಡೆ (ಹುಬ್ಬಳ್ಳಿ)

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ನಡುವೆ ಒಂದು ಪೆಟ್ಟು ತಿಂದೆ. ಜಾಗ ಸಾಲದೀತೆಂದು ಒಂದು ಅಂಗಡಿಯಲ್ಲಿ 128 ಜಿಬಿ ಎಂದು ಬರೆದ ಕಾರ್ಡನ್ನು ಅಗ್ಗಕ್ಕೆ ಕೊಂಡೆ. ತುಂಬುವಾಗ ಯಾವ ದೋಷವೂ ಕಾಣಲಿಲ್ಲ, ಆದರೆ ಮೊದಲ ಕೆಲವು ಫೋಲ್ಡರುಗಳ ನಂತರದ ಹಾಡುಗಳೆಲ್ಲ ಕಿರ್ರೆಂದು ನಿಂತವು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಸಾಧನದಿಂದ ಪರೀಕ್ಷಿಸಿದಾಗ ಅದರೊಳಗೆ ನಿಜವಾಗಿ ಇದ್ದದ್ದು 8 ಜಿಬಿಗಿಂತ ಕಡಿಮೆ. ಕಾರ್ಡು ಕೊಂಡ ದಿನವೇ ಪೂರ್ತಿ ಬರೆದು, ಪೂರ್ತಿ ಓದಿ ನೋಡಬೇಕೆಂದು ಈಗ ಕಲಿತೆ. ಫ್ಲ್ಯಾಕ್‌ಗಳು ಹಾರ್ಡ್ ಡಿಸ್ಕಿನಲ್ಲಿ ಮತ್ತು ಧಾರವಾಡದಲ್ಲಿರುವ ತಂಗಿಯ ಮನೆಯ ಇನ್ನೊಂದು ಡಿಸ್ಕಿನಲ್ಲಿ ಭದ್ರವಾಗಿದ್ದುದರಿಂದ ಹಾನಿಯಾದದ್ದು ದುಡ್ಡಿಗೆ ಮಾತ್ರ. ಮತ್ತೆ ಹಳೆಯ 32ಕ್ಕೇ ಮರಳಿದೆ.

ಹಳೆಯ ಟೇಪ್ ರೆಕಾರ್ಡರಿಗೆ ಬೆಲ್ಟು ಹಾಕಿಸಿ 26 ಕ್ಯಾಸೆಟ್ಟುಗಳನ್ನು ಇಳಿಸಿದ್ದೇನೆ. ತಿರುಪು ತಿರುಗಿಸಿದಾಗ ಕಂಬಳಿ ಸರಿದದ್ದು ನಿಜ. ಒಂದು ತೋಡಿಯಲ್ಲಿ ಇದುವರೆಗೆ ನಮಗೆ ಕೇಳಿಸದ ಎರಡನೆಯ ತಂಬೂರಿ ಕೇಳಿಸಿತು. ಅದೇ ತೋಡಿಯ ಹನ್ನೊಂದನೆಯ ನಿಮಿಷದಲ್ಲಿ ನಮ್ಮ ಅಡುಗೆಮನೆಯ ಕುಕ್ಕರು ಎರಡು ಸೀಟಿ ಹೊಡೆಯುತ್ತದೆ, ಅದನ್ನು ತೆಗೆಯುವ ಗೋಜಿಗೆ ಹೋಗಿಲ್ಲ. ಜೇಬಿನ ಪ್ರತಿಗಳೆಲ್ಲ 192 ಎಂಪಿ3, ರೇಡಿಯೊದವು ಮೊನೊ 128. ತಂದೆಯವರು ‘01 ಬೆಳಗು’ ಹಚ್ಚಿಕೊಂಡು ದಿನವೂ ಹೋಗುತ್ತಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಭೈರವಿಯನ್ನು ಎಲ್ಲಿ ಇಡಬೇಕು? ಶಾಸ್ತ್ರದಲ್ಲಿ ಬೆಳಗಿನದು, ಕಛೇರಿಯಲ್ಲಿ ಎಲ್ಲಕ್ಕೂ ಕೊನೆಗೆ ಹಾಡುವುದು.

ಗದಗಿನ ಪೇಟಿ ಮಾಸ್ತರ

ಪ್ರತಿಯೊಂದು ಫೋಲ್ಡರಿನ ಕೊನೆಗೂ ಒಂದೊಂದು ಭೈರವಿ ಇಡಿರಿ, ಹೆಸರಿನ ಮುಂದೆ 999 ಹಾಕಿರಿ. ಹತ್ತು ನಿಮಿಷದ ಭೈರವಿ ನಿಮ್ಮ ಲೆಕ್ಕದಲ್ಲಿ 15 ಎಂಬಿಯೂ ಆಗುವುದಿಲ್ಲ. ಅದು ಬಂದರೆ ಮನೆಗೆ ಹೊರಡುವ ಹೊತ್ತಾಯಿತೆಂದು ತಂದೆಯವರಿಗೆ ಗಡಿಯಾರ ನೋಡದೆಯೇ ತಿಳಿಯುತ್ತದೆ.